ಹದಿನಾಲ್ಕನೇ ಷರತ್ತು

ಮೂರನೇ ಕಿಟಕಿಯ ಹಿಂದೆ ಕೂತು ಅವಳು ಬೆಳಿಗ್ಗೆಯಿಂದ ಏಳು ಅರ್ಜಿಗಳನ್ನು ವಾಪಸ್ ಕಳಿಸಿದ್ದಳು. ಏಳು ಸಲವೂ ಒಳಗಿನಿಂದ ಉಕ್ಕಿ ಬಂದ ನಗುವನ್ನು ತುಟಿ ಕಚ್ಚಿ ತಡೆದಿದ್ದಳು. ಹೊಸ ನೀರಿನ ಸಂಪರ್ಕ ಕೇಳಿ ಬರುವ ಅರ್ಜಿಗಳಲ್ಲಿ ನಗುವಂಥದ್ದು ಏನೂ ಇರುವುದಿಲ್ಲ. ಮನೆಯ ನಕ್ಷೆ ಇದೆಯೇ, ಪಕ್ಕದವರ ಒಪ್ಪಿಗೆ ಪತ್ರ ಇದೆಯೇ, ಎರಡನೇ ಪುಟದ ಕೆಳಗೆ ಸಹಿ ಇದೆಯೇ ಎಂದು ನೋಡುವುದು, ಇಲ್ಲದಿದ್ದರೆ ಕೆಂಪು ಪೆನ್ಸಿಲಿನಿಂದ ಒಂದು ಸುತ್ತು ಹಾಕಿ ಗಾಜಿನ ಕೆಳಗಿನ ಸಂದಿಯಿಂದ ಆಚೆ ತಳ್ಳುವುದು, ಇಷ್ಟೇ ಅವಳ ಕೆಲಸ. ಇಪ್ಪತ್ತೆರಡು ವರ್ಷದಿಂದ ಅದನ್ನು ಎಷ್ಟು ಅಚ್ಚುಕಟ್ಟಾಗಿ ಮಾಡಿಕೊಂಡು ಬಂದಿದ್ದಳೆಂದರೆ ಕಚೇರಿಯಲ್ಲಿ ಅವಳಿಗೆ ವಾಪಸಮ್ಮ ಎಂದೇ ಹೆಸರು ಬಿದ್ದಿತ್ತು. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ. ಆದರೆ ಎದುರಿಗೆ ಕರೆಯದ ಹೆಸರು ಕಿವಿಗೆ ಬೀಳದೆ ಇರುತ್ತದೆಯೇ? ಇವತ್ತು ಅವಳ ಮೇಜಿನ ಎರಡನೇ ಡ್ರಾಯರಿನಲ್ಲಿ, ಬಾಕಿ ಕಡತಗಳ ಕೆಳಗೆ, ಒಂದು ನೀಲಿ ಪುಸ್ತಿಕೆ ಅಡಗಿ ಕೂತಿತ್ತು. ಅದರ ರಟ್ಟಿನ ಮೇಲೆ ಒಂದು ಬಿಳಿ ಹಡಗು, ಹಡಗಿನ ಮೇಲೆ ಒರಗುಕುರ್ಚಿಯಲ್ಲಿ ಕಾಲು ಚಾಚಿ ಬಿದ್ದುಕೊಂಡಿರುವ ಗಂಡ ಹೆಂಡತಿ. ಆ ಗಂಡ ಹೆಂಡತಿಯ ಮುಖವನ್ನು ಅವಳು ಸರಿಯಾಗಿ ನೋಡಿಯೂ ಇರಲಿಲ್ಲ. ಅವಳಿಗೆ ಬೇಕಾದದ್ದು ಕೊನೆಯ ಪುಟದಲ್ಲಿ, ಇರುವೆ ಸಾಲಿನಂಥ ಅಕ್ಷರಗಳಲ್ಲಿ ಇತ್ತು. ಹದಿನಾಲ್ಕನೇ ಷರತ್ತು: ಹದಿನೆಂಟು ವರ್ಷ ತುಂಬದ ಯಾರಿಗೂ, ಯಾವ ಕಾರಣಕ್ಕೂ, ಯಾರ ಶಿಫಾರಸಿನ ಮೇಲೂ ಹಡಗಿನೊಳಗೆ ಪ್ರವೇಶವಿರುವುದಿಲ್ಲ. ಆಹಾ! ಎಲ್ಲೂ ಒಂದು ಸಂದು ಬಿಟ್ಟಿಲ್ಲ. ಯಾರ ಶಿಫಾರಸಿನ ಮೇಲೂ ಎಂದು ಸೇರಿಸಿದವನು ಯಾರೋ, ಅವನಿಗೂ ಒಬ್ಬ ತಂಗಿ ಇರಬೇಕು ಎಂದುಕೊಂಡಳು. ಕಿಟಕಿಯ ಆಚೆ ನಿಂತಿದ್ದ ಮುದುಕರೊಬ್ಬರು ಬಗ್ಗಿ ಗಾಜಿನೊಳಗೆ ನೋಡಿ, “ಏನಮ್ಮಾ, ನಗ್ತಾ ಇದೀರಾ? ಆಯ್ತಾ ನನ್ನ ಕೆಲಸ?” ಎಂದರು. “ಎರಡನೇ ಪುಟಕ್ಕೆ ಸಹಿ ಹಾಕಿಲ್ಲ ನೀವು,” ಎಂದು ಅವಳು ನಗುನಗುತ್ತಲೇ ಅರ್ಜಿಯನ್ನು ಆಚೆ ತಳ್ಳಿದಳು. ಸಿಡುಕುವ ವಾಪಸಮ್ಮನನ್ನು ಕಂಡಿದ್ದ ಮುದುಕರು ಈ ನಗುವಿಗೆ ಹೆದರಿ ಎರಡು ಕಡೆ ಸಹಿ ಹಾಕಿಕೊಟ್ಟರು.

ತಂಗಿಗೆ ಇಬ್ಬರು ಮಕ್ಕಳು, ಹನ್ನೊಂದರ ಮಗಳು, ಎಂಟರ ಮಗ. ಶಾಲೆಗೆ ದೊಡ್ಡ ರಜೆ ಬಂತೆಂದರೆ ತಂಗಿಯ ಫೋನು ಬರುತ್ತಿತ್ತು: ಅಕ್ಕಾ, ಶನಿವಾರ ಬೆಳಿಗ್ಗೆ ಮಕ್ಕಳನ್ನ ಬಿಟ್ಟು ಹೋಗ್ತೀನಿ ಕಣೇ, ಹದಿನೈದೇ ದಿನ. ಅದರಲ್ಲಿ ಕೇಳುವ ಮಾತೇ ಇರುತ್ತಿರಲಿಲ್ಲ, ಹೇಳುವುದಷ್ಟೇ. ಅದಕ್ಕೆ ಅವಳ ಬಾಯಿ ತಾನಾಗಿ ತೆರೆದು, ಅದಕ್ಕೇನಂತೆ, ಕಳ್ಸು ಎಂದುಬಿಡುತ್ತಿತ್ತು. ಆರು ವರ್ಷದಿಂದ ಹೀಗೇ. ಮೂರನೇ ಕಿಟಕಿಯಲ್ಲಿ ದಿನಕ್ಕೆ ಮೂವತ್ತು ಜನಕ್ಕೆ ಆಗುವುದಿಲ್ಲ ಎನ್ನುವ ಬಾಯಿ ಇದೇ ಏನು ಎಂದು ಅವಳಿಗೇ ಸೋಜಿಗವಾಗುತ್ತಿತ್ತು. ಆದರೆ ಅಲ್ಲಿ ಆಗುವುದಿಲ್ಲ ಎನ್ನುವುದು ಅವಳಲ್ಲ, ಗೋಡೆಗೆ ನೇತುಹಾಕಿದ ನಿಯಮಾವಳಿ. ಅವಳು ಬೆರಳು ತೋರಿಸಿದರೆ ಸಾಕು, ಬಂದವರು ಗೋಡೆಯ ಮೇಲೆ ಸಿಟ್ಟು ಮಾಡಿಕೊಂಡು ಹೋಗುತ್ತಿದ್ದರು. ಮನೆಯ ಗೋಡೆಯ ಮೇಲೆ ಒಂದು ಗಡಿಯಾರ ಬಿಟ್ಟರೆ ಏನೂ ಇರಲಿಲ್ಲ. ಎರಡು ವರ್ಷದ ಹಿಂದೆ ತಂಗಿಯ ಮನೆಯಲ್ಲಿ ಏನೋ ಒಂದು ಸಮಾರಂಭ. ತಟ್ಟೆ ಹಿಡಿದು ಅಡಿಗೆಮನೆಯ ಬಾಗಿಲಿಗೆ ಬಂದವಳ ಕಿವಿಗೆ ಒಳಗಿನಿಂದ ತಂಗಿಯ ದನಿ ಬಿತ್ತು, ಅಕ್ಕನಿಗೆ ಮಕ್ಕಳಿಲ್ವಲ್ಲ ಪಾಪ, ನಮ್ಮವರು ಹೋದ್ರೆ ಅವಳಿಗೂ ಹೊತ್ತು ಹೋಗುತ್ತೆ. ಯಾರೋ ಹೌದು ಹೌದು ಎಂದರು. ಅವಳು ಹಿಂದಕ್ಕೆ ಮೂರು ಹೆಜ್ಜೆ ಇಟ್ಟು, ಸದ್ದು ಮಾಡಿಕೊಂಡು ಮತ್ತೆ ಬಂದು, ತಟ್ಟೆ ಎಲ್ಲಿಡ್ಲಿ ಎಂದು ಕೇಳಿದಳು. ಇವತ್ತಿಗೂ ಅವಳಿಗೆ ನಾಚಿಕೆಯಾಗುವುದು ತಂಗಿಯ ಮಾತಿಗಲ್ಲ, ತಾನು ಹಿಂದಕ್ಕಿಟ್ಟ ಆ ಮೂರು ಹೆಜ್ಜೆಗೆ. ಮುಂದಿನ ಅರ್ಜಿಯಲ್ಲಿ ಎಲ್ಲವೂ ಸರಿಯಾಗಿತ್ತು. ಅವಳಿಗೆ ಸ್ವಲ್ಪ ನಿರಾಸೆಯಾಯಿತು.

ಹಡಗಿನ ಯೋಚನೆ ಮೊದಲು ಬಂದದ್ದು ಗಂಡನಿಗೆ. ಅವನದು ಕನ್ನಡಕದ ಅಂಗಡಿ. ಇಡೀ ದಿನ ಜನರ ಮೂಗಿನ ಮೇಲೆ ಭಾರದ ಚೌಕಟ್ಟು ಕೂರಿಸಿ, ಅದರೊಳಗೆ ಒಂದೊಂದೇ ಗಾಜು ಇಳಿಸಿ, ಇದು ಸ್ಪಷ್ಟನಾ, ಇದು ಸ್ಪಷ್ಟನಾ ಎಂದು ಕೇಳಿ ಕೇಳಿ, ಮನೆಯಲ್ಲೂ ಅವನು ಯಾವುದನ್ನೂ ಬೇರೆ ಥರ ಕೇಳಲಾರದವನಾಗಿದ್ದ. ಕಳೆದ ಭಾನುವಾರ ಊಟದ ಮೇಜಿನ ಮೇಲೆ ಮೂರು ಹಡಗಿನ ಪುಸ್ತಿಕೆಗಳನ್ನು ಹರಡಿ, ಎರಡನ್ನು ಎತ್ತಿ ಅವಳ ಮುಖದ ಮುಂದೆ ಹಿಡಿದ. “ಮೊದಲನೇದಾ, ಎರಡನೇದಾ?” ಅವಳು ಎರಡನ್ನೂ ಕಿತ್ತುಕೊಂಡು ಹಿಂದಿನ ಪುಟ ತಿರುಗಿಸಿದಳು. “ನೋಡು, ಇದ್ರಲ್ಲಿ ನಾಲ್ಕು ಕಡೆ ಊಟ,” ಎಂದ. “ಮಕ್ಕಳಿಗೆ?” ಎಂದಳು. “ಮಕ್ಕಳಿಗೆ ಬೇರೆ ಊಟದ ಕೋಣೆ, ಜಾರುಬಂಡೆ, ಗೊಂಬೆಯಾಟ.” “ಹಾಗಾದ್ರೆ ಬೇಡ.” “ಅಲ್ಲ ಕಣೇ, ನಮಗೆ ಮಕ್ಕಳೇ ಇಲ್ವಲ್ಲ. ಜಾರುಬಂಡೆ ಇದ್ರೇನು, ಬಿಟ್ರೇನು?” ನಮಗೆ ಮಕ್ಕಳೇ ಇಲ್ವಲ್ಲ. ಈ ಮಾತನ್ನು ಅವರಿಬ್ಬರೂ ಆಸ್ಪತ್ರೆಯ ಬೆಂಚುಗಳ ಮೇಲೆ, ಬಾಡಿಗೆ ಮನೆ ಹುಡುಕುವಾಗ, ಜಗಳದ ನಡುವೆ, ಎಷ್ಟೆಷ್ಟೋ ದನಿಯಲ್ಲಿ ಆಡಿದ್ದರು. ಜಾರುಬಂಡೆಯ ಜೊತೆಗೆ ಆಡಿದ್ದು ಅದೇ ಮೊದಲು. ಅವಳಿಗೆ ಕಿಸಕ್ಕನೆ ನಗು ಬಂತು. ಅವನಿಗೂ ಬಂತು. ನೀರು ನೆತ್ತಿಗೆ ಹತ್ತಿ ಕೆಮ್ಮಿದ. ಆಮೇಲೆ ಮೂರನೇ ಪುಸ್ತಿಕೆಯಲ್ಲಿ ಹದಿನಾಲ್ಕನೇ ಷರತ್ತು ಸಿಕ್ಕಿತು. ಅದರ ಜೊತೆಗಿದ್ದ ಅರ್ಜಿಯಲ್ಲಿ, ಜೊತೆಗೆ ಬರುವ ಮಕ್ಕಳು ಎಂದು ಒಂದು ಕಾಲಂ, ಪಕ್ಕದಲ್ಲಿ ಕಂಸದೊಳಗೆ, ಇಲ್ಲ ಎಂದಿದ್ದರೆ ಮಾತ್ರ ಮುಂದುವರಿಯಿರಿ. ಜೀವನದಲ್ಲಿ ಎಷ್ಟು ಅರ್ಜಿ ತುಂಬಿರಲಿಲ್ಲ ಅವಳು! ಆ ಕಾಲಂ ಬಂದಾಗಲೆಲ್ಲ ಒಂದು ಸಣ್ಣ ಗೆರೆ ಎಳೆದು, ಅರ್ಜಿ ತೆಗೆದುಕೊಂಡವರು ಗೆರೆಯನ್ನೂ ಅವಳ ಮುಖವನ್ನೂ ನೋಡುವಾಗ ಬೇರೆಲ್ಲೋ ನೋಡುತ್ತಿದ್ದಳು. ಇಲ್ಲಿ ಅದೇ ಅರ್ಹತೆ. ಇಲ್ಲ ಎಂದು ಎರಡು ಅಕ್ಷರ ದಪ್ಪಗೆ ಬರೆದಳು. ಇಡೀ ಅರ್ಜಿಯಲ್ಲಿ ಅಷ್ಟು ಚಂದದ ಅಕ್ಷರ ಇನ್ನೊಂದಿರಲಿಲ್ಲ.

ಮಧ್ಯಾಹ್ನ ಅರ್ಧ ದಿನದ ರಜೆ ಬರೆದುಕೊಟ್ಟು ಹೊರಬಿದ್ದಾಗ ಅವಳ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಹಡಗಿನ ಕಚೇರಿ ಎರಡು ರಸ್ತೆ ಆಚೆ, ಬ್ಯಾಂಕಿನ ಮೇಲಿನ ಮಹಡಿಯಲ್ಲಿ. ಇನ್ನು ತಂಗಿ ಫೋನ್ ಮಾಡಲಿ. ಅಯ್ಯೋ, ಏನ್ ಮಾಡ್ಲಿ ಕಣೇ, ಮಕ್ಕಳನ್ನ ಒಳಗೇ ಬಿಡಲ್ವಂತೆ, ಹದಿನಾಲ್ಕನೇ ಷರತ್ತು ಎನ್ನುತ್ತೇನೆ. ಯಾರಾದರೂ ಏನೆನ್ನುತ್ತಾರೆ? ಷರತ್ತಿನ ಮೇಲೆ ಸಿಟ್ಟು ಮಾಡಿಕೊಳ್ಳುತ್ತಾರೆ. ಒಂದು ಪಾದರಕ್ಷೆ ಅಂಗಡಿಯ ಗಾಜಿನ ಹಿಂದೆ ಚಿಕ್ಕಚಿಕ್ಕ ಕ್ಯಾನ್ವಾಸ್ ಶೂಗಳನ್ನು ಸಾಲಾಗಿ ಇಟ್ಟಿದ್ದರು. ಅವಳ ಹೆಜ್ಜೆ ನಿಧಾನವಾಯಿತು. ಮೂರು ವರ್ಷದ ಹಿಂದಿನ ರಜೆಯ ಕೊನೆಯ ದಿನ ತಂಗಿಯ ಕಾರು ತಿರುವು ದಾಟಿದ್ದೇ ತಡ, ಅವಳು ಚಿಲಕವನ್ನೂ ಹಾಕದೆ ರೇಡಿಯೋ ಜೋರು ಮಾಡಿ, ಚೆಲ್ಲಾಪಿಲ್ಲಿ ಬಿದ್ದಿದ್ದ ದಿಂಬುಗಳ ನಡುವೆ, ಎರಡೂ ಕೈ ಮೇಲೆತ್ತಿ ಕುಣಿದಿದ್ದಳು. ಹೋದರು, ಹೋದರು ಎಂದು ಹಾಡಿಗೆ ತಾನೇ ಮಾತು ಸೇರಿಸಿ ಹಾಡಿಕೊಂಡಿದ್ದಳು. ಒಂದು ಸುತ್ತು ತಿರುಗಿ ಬಂದಾಗ ಬಾಗಿಲಲ್ಲಿ ತಂಗಿಯ ಮಗಳು ನಿಂತಿತ್ತು, ಒಂದು ಕಾಲಲ್ಲಿ ಶೂ, ಇನ್ನೊಂದರಲ್ಲಿ ಬರೀ ಕಾಲುಚೀಲ. “ದೊಡ್ಡಮ್ಮಾ, ಇನ್ನೊಂದು ಶೂ ಇಲ್ಲೇ ಬಿಟ್ಟಿದ್ದೆ,” ಎಂದಿತು. ಹುಡುಕಿ ಹಾಕಿಕೊಂಡು, ದಾರ ಕಟ್ಟಿಕೊಂಡು, ಬರ್ತೀನಿ ಎಂದು ಹೇಳಿ ಹೋಯಿತು. ಏನೂ ಕೇಳಲಿಲ್ಲ, ಮನೆಗೆ ಹೋಗಿ ಏನೂ ಹೇಳಲೂ ಇಲ್ಲ. ಕೇಳಿದ್ದರೆ ಏನಾದರೂ ಒಂದು ಸುಳ್ಳು ಹೇಳಬಹುದಿತ್ತು. ಅಂದಿನಿಂದ ರಜೆ ಹದಿನೈದು ದಿನದಿಂದ ಇಪ್ಪತ್ತು ದಿನವಾದರೂ ಅವಳು ತುಟಿ ಪಿಟಕ್ಕೆನ್ನಲಿಲ್ಲ. ಹೆತ್ತವಳಾಗಿದ್ದರೆ ಹಾಗೆ ಕುಣಿಯುತ್ತಿದ್ದೆನೇ, ಆ ಕರುಳೇ ನನಗಿಲ್ಲ, ದೇವರು ನೋಡಿಯೇ ಕೊಡಲಿಲ್ಲ ಎಂದು ಅವಳಿಗೆ ಆಗಾಗ ಅನ್ನಿಸಿಬಿಡುತ್ತಿತ್ತು. ಅಂಗಡಿಯವನು ಒಳಗಿನಿಂದ, ಬನ್ನಿ ಮೇಡಂ, ಎಷ್ಟನೇ ನಂಬರು ಎಂದ. ಅವಳು ಓಡುವವಳಂತೆ ರಸ್ತೆ ದಾಟಿದಳು.

ಹಡಗಿನ ಕಚೇರಿಯಲ್ಲಿ ಒಬ್ಬಳು ಹುಡುಗಿ, ಕೊರಳಲ್ಲಿ ಲಂಗರಿನ ಚಿತ್ರದ ಸ್ಕಾರ್ಫು, ಮುಖದ ತುಂಬ ನಗು. “ಬನ್ನಿ ಮೇಡಂ, ನೀವು ಫೋನಲ್ಲಿ ಕೇಳಿದ್ದ ಹಡಗಲ್ಲಿ ಒಂದೇ ಒಂದು ಕ್ಯಾಬಿನ್ ಉಳಿದಿದೆ. ನಿಮ್ಮ ಅದೃಷ್ಟ!” ಎಂದಳು. ವಾಪಸಮ್ಮ ಕುರ್ಚಿಯ ತುದಿಗೆ ಕೂತು ದನಿ ತಗ್ಗಿಸಿದಳು. “ಈ ಹದಿನಾಲ್ಕನೇ ಷರತ್ತು ಇದೆಯಲ್ಲ, ಅದು ಬಿಗಿನಾ?” ಹುಡುಗಿಗೆ ಯಾವ ಷರತ್ತೆಂದೇ ಗೊತ್ತಿರಲಿಲ್ಲ. ತೋರಿಸಿದ ಮೇಲೆ, ಹೌದು ಮೇಡಂ ಎಂದಳು. “ಯಾರಾದ್ರೂ ಬಂದರಿಗೇ ಬಂದು, ಅತ್ತೂ ಕರೆದೂ, ಚಿಕ್ಕ ಮಕ್ಕಳು ಅಂತ ಕೇಳ್ಕೊಂಡ್ರೆ?” “ಬಿಡಲ್ಲ ಮೇಡಂ.” “ಕ್ಯಾಪ್ಟನ್ ಗುರುತಿನವರಾದ್ರೆ?” ಹುಡುಗಿಯ ನಗು ಸ್ವಲ್ಪ ಮಾಸಿತು. “ಮೇಡಂ, ನಿಮಗೆ ಮಕ್ಕಳು ಅಂದ್ರೆ ಆಗಲ್ವಾ?” ಎಂದು ಅವಳು ಕೇಳಿದ್ದು ಸಹಜ ದನಿಯಲ್ಲೇ, ಆದರೆ ಪಕ್ಕದ ಮೇಜಿನಲ್ಲಿ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದ ಹೆಂಗಸು ತಿರುಗಿ ನೋಡಿ ಕೂಸನ್ನು ಇನ್ನೊಂದು ತೊಡೆಗೆ ಸರಿಸಿಕೊಂಡಳು. ವಾಪಸಮ್ಮನ ಕಿವಿ ಬಿಸಿಯಾಯಿತು. ಛೆ, ಛೆ, ಹಾಗೇನಿಲ್ಲ ಎಂದು ಆ ಕೂಸಿನ ಕಡೆ ನೋಡಿ ಒಂದು ದೊಡ್ಡ ನಗೆ ನಕ್ಕಳು. ಕೂಸು ಅಳಲು ಶುರುಮಾಡಿತು. ಆ ಅವಮಾನದಿಂದ ತಪ್ಪಿಸಿಕೊಳ್ಳಲು ಅವಳು, ಮನೆಯಲ್ಲಿ ಬರೆದು ತಂದದ್ದನ್ನು ನೋಡಿಕೊಂಡು ಹುಡುಗಿ ತುಂಬಿ ಕೊಟ್ಟ ಬುಕಿಂಗ್ ಅರ್ಜಿಯೊಳಗೆ ತಲೆ ಹುದುಗಿಸಿದಳು. ಒಮ್ಮೆ ಹುದುಗಿಸಿದ ಮೇಲೆ ಇಪ್ಪತ್ತೆರಡು ವರ್ಷದ ಅಭ್ಯಾಸ ಅವಳನ್ನು ಬಿಡಲಿಲ್ಲ. ಹುಟ್ಟಿದ ತಾರೀಖಿನಲ್ಲಿ ದಿನಕ್ಕಿಂತ ಮೊದಲು ತಿಂಗಳು ಬರೆದಿದ್ದಾರೆ. ವಿಳಾಸದಲ್ಲಿ ಅಡ್ಡರಸ್ತೆ ಬಿಟ್ಟಿದೆ. ನಾಲ್ಕನೇ ಪುಟದಲ್ಲಿ ಏಜೆಂಟರ ಸಹಿಯೇ ಇಲ್ಲ. ಕೈಚೀಲದಿಂದ ಕೆಂಪು ಪೆನ್ಸಿಲು ತಾನಾಗಿ ಹೊರಗೆ ಬಂತು. ಸುತ್ತು ಹಾಕಿದಳು, ಇನ್ನೊಂದು ಸುತ್ತು ಹಾಕಿದಳು, ಅರ್ಜಿಯನ್ನು ಮೇಜಿನ ಮೇಲೆ ಆ ಕಡೆಗೆ ತಳ್ಳಿ, “ಇದು ನಡೆಯಲ್ಲ, ಸರಿಮಾಡಿ ತನ್ನಿ,” ಎಂದುಬಿಟ್ಟಳು. ಹುಡುಗಿ ಪಾಪ, ಹೊಸ ಅರ್ಜಿ ತೆಗೆದು ಮೊದಲಿನಿಂದ ತುಂಬಿದಳು. ಎರಡನೆಯದರಲ್ಲೂ ಒಂದು ತಪ್ಪು ಸಿಕ್ಕಿತು. ಮೂರನೆಯದು ಅಪ್ಪಟ ಚಿನ್ನದಂಥ ಅರ್ಜಿ; ಅದನ್ನು ಹಿಡಿದು ಹುಡುಗಿ ಕಂಪ್ಯೂಟರಿನತ್ತ ತಿರುಗಿ, ಒಂದೆರಡು ಗುಂಡಿ ಒತ್ತಿದಳು. “ಮೇಡಂ, ಹೋಗ್ಬಿಡ್ತು. ಈಗ ಹತ್ತು ನಿಮಿಷದ ಹಿಂದೆ ಯಾರೋ ತಗೊಂಡಿದಾರೆ.”

ಗಂಡ ಅಂಗಡಿಗೆ ಬೀಗ ಹಾಕಿಕೊಂಡು ಅಲ್ಲಿಗೆ ಬರುವ ಹೊತ್ತಿಗೆ ಅವಳು ಮಗುವಿನ ಹಾಗೆ ಮುಖ ಉಬ್ಬಿಸಿಕೊಂಡು ಕೂತಿದ್ದಳು. ನಡೆದದ್ದನ್ನು ಹುಡುಗಿಯೇ ಹೇಳಿದಳು. ಅವನು ಕೆಂಪು ಸುತ್ತುಗಳಿದ್ದ ಎರಡು ಅರ್ಜಿಗಳನ್ನು ಎತ್ತಿ ನೋಡಿದ, ಹೆಂಡತಿಯನ್ನು ನೋಡಿದ, ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ಅಳುತ್ತಿದ್ದಾನೋ ಎಂದು ಅವಳು ಗಾಬರಿಯಾದಳು. ಅಳುತ್ತಿರಲಿಲ್ಲ. “ಹಡಗನ್ನೇ ವಾಪಸ್ ಕಳ್ಸಿದ್ಯಲ್ಲೇ!” ಎಂದವನು ಹೊಟ್ಟೆ ಹಿಡಿದುಕೊಂಡು ನಗತೊಡಗಿದ. ಕೂಸಿನ ತಾಯಿಯೂ ನಕ್ಕಳು. ತಡೆಯಲಾರದೆ ಅವಳೂ ನಕ್ಕಳು. ಅದೇ ವಾರಕ್ಕೆ ಇನ್ನೊಂದು ಹಡಗಿತ್ತು. “ಇದು ಇನ್ನೂ ಚೆನ್ನಾಗಿದೆ ಮೇಡಂ, ಎಲ್ಲಾ ವಯಸ್ಸಿನವರಿಗೂ,” ಎಂದು ಹುಡುಗಿ ಪರದೆಯನ್ನು ಅವರ ಕಡೆ ತಿರುಗಿಸಿದಳು. “ಕ್ಯಾಬಿನ್‌ಗೆ ಬಾಲ್ಕನಿ. ಮಕ್ಕಳನ್ನ ಕರ್ಕೊಂಡು ಬಂದ್ರೆ ಗೋಡೆಯಿಂದ ಕೆಳಗಿಳಿಯೋ ಎರಡು ಮಂಚ, ಅದಕ್ಕೆ ಏನೂ ಕೊಡಬೇಕಾಗಿಲ್ಲ.” ಎರಡು ಮಂಚ! ಎರಡು ಎಂದು ಇವಳಿಗೆ ಯಾರು ಹೇಳಿದರು? ಆ ಹಡಗಿನಲ್ಲಿ ಹದಿನಾಲ್ಕನೇ ಷರತ್ತು ಊಟದ ವೇಳೆಯ ಬಗ್ಗೆ ಇತ್ತು. ಬೇಡ ಎನ್ನಲು ಬಾಯಿ ತೆರೆದವಳ ಕಣ್ಣು, ಷರತ್ತುಗಳಿಂದ ಜಾರಿ, ಮೊದಲ ಸಲ ಚಿತ್ರದ ಮೇಲೆ ಬಿತ್ತು. ಒಂದು ಪುಟ್ಟ ಬಾಲ್ಕನಿ, ಎರಡು ಕುರ್ಚಿ, ಕಂಬಿಯ ಆಚೆ ನೀರು, ಬರೀ ನೀರು. ಯಾರ ಅರ್ಜಿಯೂ ಇಲ್ಲದೆ, ಯಾರ ಒಪ್ಪಿಗೆಯೂ ಇಲ್ಲದೆ ಅಷ್ಟೊಂದು ನೀರು ಅಲ್ಲಿ ಸುಮ್ಮನೆ ಬಿದ್ದಿತ್ತು. ಅಲ್ಲಿ ಕೂತು ಕಾಲನ್ನು ಕಂಬಿಯ ಮೇಲೆ ಚಾಚಿ ಏನೂ ಮಾಡದೆ ಇರಬೇಕೆಂದು ಅವಳಿಗೆ ಎಷ್ಟು ಆಸೆಯಾಯಿತೆಂದರೆ ಕಣ್ಣಲ್ಲಿ ನೀರು ಬಂತು. ಗಂಡ ಪಕ್ಕದಿಂದ ಮೆಲ್ಲಗೆ, “ಸ್ಪಷ್ಟನಾ?” ಎಂದ. ಅವಳು ಹುಡುಗಿ ಕೊಟ್ಟ ಅರ್ಜಿಯನ್ನು ಓದದೆ ಸಹಿ ಹಾಕಿದಳು.

ಅವನು ಕೆಳಗೆ ಸ್ಕೂಟರ್ ತೆಗೆಯಲು ಹೋದ ಮೇಲೆ, ಮೆಟ್ಟಿಲ ತಿರುವಿನಲ್ಲಿ ನಿಂತಿದ್ದಾಗ ತಂಗಿಯ ಫೋನು ಬಂತು. “ಅಕ್ಕಾ, ಈ ಸಲ ಶುಕ್ರವಾರವೇ ಬಿಟ್ಟು ಹೋಗ್ತೀನಿ ಕಣೇ. ದೊಡ್ಡವಳಿಗೆ ಸ್ವಲ್ಪ ಕೆಮ್ಮಿದೆ, ಔಷಧಿ ಬ್ಯಾಗಲ್ಲೇ ಇಟ್ಟಿರ್ತೀನಿ.” ಅದಕ್ಕೇನಂತೆ ಎಂದು ಹೊರಟ ಮಾತನ್ನು ಅವಳು ಹಲ್ಲಿನ ಹಿಂದೆ ಹಿಡಿದು ನಿಲ್ಲಿಸಿದಳು. “ಈ ಸಲ ನಾವು ಊರಲ್ಲಿರಲ್ಲ ಕಣೇ. ಹಡಗಲ್ಲಿ ಹೋಗ್ತಿದೀವಿ, ಒಂಬತ್ತು ದಿನ.” “ಹಡಗಾ? ಭಾವನೂ? ಏನೇ ಇದು, ಇದ್ದಕ್ಕಿದ್ದ ಹಾಗೆ!” ತಂಗಿಯ ದನಿಯಲ್ಲಿ ನಿಜವಾದ ಖುಷಿ ಇತ್ತು. “ಹಾಗಾದ್ರೆ ಮಕ್ಕಳನ್ನೂ ಕರ್ಕೊಂಡು ಹೋಗ್ಬಿಡು, ಅವರ ಟಿಕೆಟ್ ನಾನು ತೆಗೀತೀನಿ. ಜನ್ಮದಲ್ಲಿ ಮರೆಯಲ್ಲ ಅವು.” ಅವಳ ನಾಲಗೆಯ ತುದಿಗೆ ಆ ವಾಕ್ಯ ಇಡಿಯಾಗಿ ಬಂದು ನಿಂತಿತು, ಯಾವ ಕಾರಣಕ್ಕೂ, ಯಾರ ಶಿಫಾರಸಿನ ಮೇಲೂ. ಹೇಳಿದರೆ ಮುಗಿಯಿತು. ತಂಗಿ ಯಾವತ್ತೂ ಯಾವ ಪುಸ್ತಿಕೆಯ ಕೊನೆಯ ಪುಟವನ್ನೂ ಓದಿದವಳಲ್ಲ. “ಅಲ್ಲಿ ಮಕ್ಕಳನ್ನ,” ಎಂದು ಶುರುಮಾಡಿದಳು. ಕೆಳಗೆ ಗಂಡ ಸ್ಕೂಟರಿಗೆ ಒದೆಯುತ್ತಿದ್ದ, ಅದು ಹತ್ತುತ್ತಿರಲಿಲ್ಲ. “ಅಲ್ಲಿ ಮಕ್ಕಳನ್ನ ಬಿಡ್ತಾರೆ,” ಎಂದಳು. “ನಾನು ಕರ್ಕೊಂಡು ಹೋಗಲ್ಲ.”

“ಯಾಕೆ?” ಎಂದಳು ತಂಗಿ.

ಯಾಕೆ ಎಂದು ಮೂರನೇ ಕಿಟಕಿಯಲ್ಲಿ ಕೇಳಿದವರಿಗೆಲ್ಲ ಅವಳು ಗೋಡೆ ತೋರಿಸುತ್ತಿದ್ದಳು. ಮೆಟ್ಟಿಲಿನ ಗೋಡೆಯ ಮೇಲೆ ಯಾರೋ ಒರಗಿ ಒರಗಿ ಆದ ಎಣ್ಣೆಯ ಕಲೆ ಇತ್ತು, ಅಷ್ಟೇ. “ಯಾಕೇಂದ್ರೆ ನಂಗೆ ಇಷ್ಟ ಇಲ್ಲ,” ಎಂದಳು. ಹೇಳಿ ಮೆಟ್ಟಿಲ ಮೇಲೆ ಕೂತಳು. ಆಮೇಲೆ ತಂಗಿ ಕೇಳಿದ ದನಿ ಹೇಗಿತ್ತೆಂದರೆ, ಚಿಕ್ಕವಳಿದ್ದಾಗ ಅಕ್ಕನ ಹಾಸಿಗೆಗೆ ನುಸುಳಿ, ನಾನು ಇಲ್ಲೇ ಮಲಗ್ಲಾ ಎಂದು ಕೇಳುತ್ತಿದ್ದ ದನಿಯೇ ಅದು. “ಆರು ವರ್ಷದಿಂದ ನಿಂಗೆ ಇಷ್ಟ ಇರ್ಲಿಲ್ವಾ ಅಕ್ಕಾ?”

“ಇತ್ತು ಕಣೇ. ಕೆಲವು ದಿನ ತುಂಬಾ ಇತ್ತು. ಅವಳು ನನ್ನ ಪಕ್ಕ ಮಲಗಿ ಕಥೆ ಓದಿ ಹೇಳಿದ ದಿನ, ಅವನು ನಿದ್ದೆಗಣ್ಣಲ್ಲಿ ಅಮ್ಮಾ ಅಂತ ನನ್ನೇ ಕರೆದ ದಿನ. ಇನ್ನು ಕೆಲವು ದಿನ ಬೆಳಿಗ್ಗೆ ಕಣ್ಣು ಬಿಟ್ಟ ತಕ್ಷಣ, ಇವು ಯಾವಾಗ ಹೋಗ್ತಾವಪ್ಪಾ ಅನ್ಸೋದು. ನಾನು ಹೆತ್ತಿಲ್ವಲ್ಲ, ಅದಕ್ಕೇ ಹಾಗನ್ಸುತ್ತೆ ಅಂತ ಯಾರ ಹತ್ರನೂ ಹೇಳ್ಲಿಲ್ಲ.”

ಆ ಕಡೆ ನಡೆದಾಡಿದ ಸದ್ದಾಯಿತು, ಒಂದು ಬಾಗಿಲು ಮುಚ್ಚಿತು, ಚಿಲಕ ಬಿತ್ತು. ತಂಗಿ ಮಾತಾಡಿದಾಗ ಪಿಸುದನಿ. “ನಂಗೂ ಹಾಗೇ ಅನ್ಸುತ್ತೆ ಕಣೇ ಅಕ್ಕ. ಹೆತ್ತಿರೋಳಿಗೆ, ನಂಗೂ. ನಿಂಗೆ ಮಾತ್ರ ಯಾವತ್ತೂ ಹಾಗನ್ಸಲ್ಲ ಅಂದ್ಕೊಂಡಿದ್ದೆ. ಅದಕ್ಕೇ ನಿನ್ನ ಹತ್ರ ತಂದು ಬಿಡ್ತಿದ್ದೆ.”

ಮೊದಲು ಮೂಗೆಳೆದುಕೊಂಡದ್ದು ಯಾರು, ಮೊದಲು ನಕ್ಕದ್ದು ಯಾರು ಎಂದು ಆಮೇಲೆ ಹೇಳಲು ಆಗುತ್ತಿರಲಿಲ್ಲ. ಒಬ್ಬಳ ನಗು ನಿಂತರೆ ಇನ್ನೊಬ್ಬಳದು ಶುರುವಾಗುತ್ತಿತ್ತು. ಮೇಲಿನ ಬಾಗಿಲಿನಿಂದ ಹಡಗಿನ ಹುಡುಗಿ ಇಣುಕಿ, ಮೆಟ್ಟಿಲ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡ ಹೆಂಗಸನ್ನು ನೋಡಿ, ಮತ್ತೆ ಒಳಗೆ ಹೋದಳು.

“ಅಕ್ಕಾ,” ಎಂದಳು ತಂಗಿ, ಉಸಿರು ಸಿಕ್ಕ ಮೇಲೆ. “ಆ ಹಡಗಲ್ಲಿ ಇನ್ನೊಂದು ಮಂಚ ಇದ್ಯಾ? ಮಕ್ಕಳನ್ನ ಅವರಪ್ಪ ನೋಡ್ಕೊಳ್ಳಲಿ. ನಾನೂ ಬರ್ಲಾ?”

“ಎರಡು ಇದಾವೆ,” ಎಂದಳು ಅಕ್ಕ. “ನೀನೂ ಬೇಡ.”